ಸುಣ್ಣದ ಗೆರೆಯಲ್ಲಿ ಒಂದು ದಿನದ ಬಾಳು

ಮನೆ ಕಟ್ಟಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಸುಂದರವ್ವ ಮೂವತ್ತೈದು ವರ್ಷ ಕಟ್ಟಿದಳು; ನೋಡುವುದು ಮಾತ್ರ ಆಗಲಿಲ್ಲ. ಯರಗಟ್ಟಿ, ಸವದತ್ತಿ, ಬೈಲಹೊಂಗಲದಲ್ಲಿ ಅವಳ ತಲೆಯ ಮೇಲಿನ ಬುಟ್ಟಿಯಿಂದ ಎಷ್ಟು ಗೋಡೆ ಎದ್ದವೋ ದೇವರಿಗೇ ಗೊತ್ತು. ಗಂಡ ಶಟ್ಟೆಪ್ಪ ಗೋಡೆ ಕಟ್ಟುವ ಗೌಂಡಿ, ಇವಳು ಅವನ ಕೈಯಾಳು. ವಾಸ್ತುಶಾಂತಿಯ ದಿನ ಅವನಿಗೊಂದು ಟಾವೆಲ್ಲು, ತೆಂಗಿನಕಾಯಿ. ಇವಳಿಗೊಂದು ಕುಪ್ಪಸದ ಖಣ. ಇಬ್ಬರಿಗೂ ಹೊರಗೆ ಪೆಂಡಾಲಿನ ತುದಿಯಲ್ಲಿ ಊಟ. ಮರುದಿನದಿಂದ ಆ ಮನೆಯ ಹೊಸ್ತಿಲು ದಾಟುವ ಪ್ರಸಂಗ ಇವರಿಗೆ ಬರುತ್ತಿರಲಿಲ್ಲ.

ಸುಂದರವ್ವನಿಗೆ ಇದರ ಬಗ್ಗೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಸಿಟ್ಟಿಗಿಂತ ಕುತೂಹಲ ದೊಡ್ಡದಿತ್ತು. ತಾನು ಕಲ್ಲು ಹೊತ್ತ ಮನೆಯಲ್ಲಿ ಮಂದಿ ಆಮೇಲೆ ಹೇಗೆ ಬಾಳುತ್ತಾರೆ? ಮಧ್ಯಾಹ್ನ ಎಲ್ಲಿ ಕೂತು ಅಕ್ಕಿ ಹಸನು ಮಾಡುತ್ತಾರೆ? ಬೈಲಹೊಂಗಲದ ಒಂದು ಮನೆಯ ಅಡುಗೆಮನೆಗೆ ಕಿಟಕಿ ಇಡಿಸಲು ಮಾಲೀಕನ ಜೊತೆ ಜಗಳವನ್ನೇ ಆಡಿದ್ದಳು. ಮೂರು ವರ್ಷದ ಮೇಲೆ ಅದೇ ಓಣಿಯಲ್ಲಿ ಕೆಲಸ ಬಿದ್ದಾಗ, ನೀರು ಕೇಳುವ ನೆವ ಮಾಡಿ ಬಾಗಿಲಿಗೆ ಹೋಗಿ ಕತ್ತು ಚಾಚಿ ನೋಡಿದರೆ, ಕಿಟಕಿಗೆ ಅಡ್ಡವಾಗಿ ಕಪಾಟು ನಿಂತಿದೆ! ಮನೆಯಾಕೆ ಸೆಕೆ ಸೆಕೆ ಅಂತ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾಳೆ.

“ಬಾಯಾರ, ಆ ಕಪಾಟ ಈಚೀಕ ಸರಸ್ರಿ. ಗಾಳಿ ಪಾಪ ಅದರ ಹಿಂದ ನಿಂತ ಬಿಟ್ಟೈತಿ,” ಎಂದಳು ಸುಂದರವ್ವ.

“ನಿನಗ್ಯಾಕ ಬೇಕವಾ ಊರ ಉಸಾಬರಿ?” ಎಂದು ಆಕೆ ಪ್ಲಾಸ್ಟಿಕ್ ಗ್ಲಾಸಿನಲ್ಲಿ ನೀರು ಕೊಟ್ಟಳು. ಕುಡಿದ ಮೇಲೆ ಗ್ಲಾಸನ್ನು ಗಟಾರದ ಹತ್ತಿರ ಒಗೆದು ಹೋಗಲು ಹೇಳಿದಳು.

“ಇಕಿ ಬುಟ್ಟಿ ಹೊರಾಕ ಬರೂದಿಲ್ಲಪಾ, ಜನಗಣತಿ ಮಾಡಾಕ ಬರ್ತಾಳ,” ಎಂದು ಶಟ್ಟೆಪ್ಪ ಹೋದಲ್ಲೆಲ್ಲ ನಗೆಯಾಡುತ್ತಿದ್ದ. ಅವನು ಒಳ್ಳೆಯವನೇ. ತನ್ನ ದಾರಿ ತಾನು ನೋಡಿಕೊಂಡು ಹೋಗುವವನು, ಯಾರ ಎದುರಿಗೂ ದನಿ ಎತ್ತದವನು. ಹೆಂಡತಿಯ ನಾಲಿಗೆಗೆ ಮಾತ್ರ ಅವನ ಕೈಯಲ್ಲಿ ಮದ್ದಿರಲಿಲ್ಲ.

ಇವರ ಸ್ವಂತ ಮನೆ ಮನೋಳಿಯ ಹೊಳೆದಂಡೆಯಲ್ಲಿತ್ತು. ಆರು ವರ್ಷದ ಹಿಂದೆ ಮಲಪ್ರಭೆ ಏರಿ ಬಂದು ಆ ದಂಡೆಯ ಹದಿನಾಲ್ಕು ಮನೆಗಳನ್ನು ನೆಲಸಮ ಮಾಡಿತು. ಮೇಲಿನ ಓಣಿ, ಕೆಳಗಿನ ಓಣಿ ಎಂದು ಹೊಳೆ ನೋಡಲಿಲ್ಲ. ನಾಲ್ಕು ದಿನ ದಾರಿ ಕಡಿದು ಹೋಗಿ, ಕಣ್ಣು ಹಾಯಿಸಿದಷ್ಟೂ ನೀರಿದ್ದರೂ ಕುಡಿಯಲು ಒಂದು ತಂಬಿಗೆ ಇರಲಿಲ್ಲ. ಆಮೇಲೆ ತಗಡಿನ ಶೆಡ್ಡು ಬಂದವು. ಮಂದಿ ಎಂಥವರು ನೋಡಿ, ಎಲ್ಲ ಕಳಕೊಂಡು ಬಂದವರೂ ಶೆಡ್ಡುಗಳನ್ನು ಮಾತ್ರ ಹಳೆಯ ಓಣಿ ನೆನಪಿಟ್ಟುಕೊಂಡೇ ಹಂಚಿಕೊಂಡರು. ಸುಂದರವ್ವನದು ಮತ್ತು ಅವಳ ಬಳಗದ ಇನ್ನೆರಡು ಬೌದ್ಧ ಮನೆತನಗಳದು ಕಟ್ಟಕಡೆಯ ಮೂರು ಶೆಡ್ಡು.

ಕೊನೆಗೂ ಎತ್ತರದ ಜಾಗದಲ್ಲಿ, ಯರಗಟ್ಟಿ ದಾರಿಯ ಮಗ್ಗುಲಿಗೆ, ಹದಿನಾಲ್ಕು ಮನೆಗೂ ಸೇರಿ ನಾಲ್ಕು ಎಕರೆ ಸಿಕ್ಕಿತು. ಆ ನಾಲ್ಕು ದಿನದ ಬಾಯಾರಿಕೆಯನ್ನು ಯಾರೂ ಮರೆತಿರಲಿಲ್ಲವಾದ್ದರಿಂದ ಎಲ್ಲರೂ ಒಂದು ಮಾತಿಗೆ ಬಂದರು: ಜಗತ್ತು ಕಡಿದು ಹೋದರೂ ಮೂರು ತಿಂಗಳು ನಮ್ಮ ಪಾಡಿಗೆ ನಾವು ಬಾಳುವಂಥ ಜಾಗ ಕಟ್ಟಬೇಕು. ಮಾಳಿಗೆಯ ಮಳೆನೀರು ಒಂದೇ ಹೊಂಡಕ್ಕೆ, ಬಚ್ಚಲ ನೀರು ಬಾಳೆಗೆ, ಸಗಣಿ ಗೋಬರ್ ಗ್ಯಾಸಿಗೆ. ಕಾಯಿಪಲ್ಲೆ ತೋಟ ಒಂದು, ಕಣ ಒಂದು, ನಡುವೆ ಎಲ್ಲರಿಗೂ ಸೇರಿದ ಒಂದು ಅಂಗಳ.

ನಕ್ಷೆ ಹಾಕಿಕೊಡಲು ಧಾರವಾಡದಿಂದ ಪ್ರಿಯಂವದಾ ಎಂಬ ಆರ್ಕಿಟೆಕ್ಟ್ ಹುಡುಗಿ ಬಂದಳು. ಕಲ್ಲು ಮಣ್ಣಿನ ಮನೆ ಕಟ್ಟಿಸುವುದರಲ್ಲಿ ಹೆಸರಾದವಳು, ಸ್ವಭಾವದಲ್ಲೂ ಹಮ್ಮು ಇಲ್ಲದವಳು. ದೊಡ್ಡ ಹಾಳೆ ಬಿಚ್ಚಿ ತೋರಿಸಿದಳು: ಪಡುವಣಕ್ಕೆ ಏಳು ಮನೆಯ ಒಂದು ಸಾಲು, ಮೂಡಣಕ್ಕೆ ಏಳು ಮನೆಯ ಇನ್ನೊಂದು ಸಾಲು, ನಡುವೆ ಮೂವತ್ತು ಫೂಟಿನ ಅಂಗಳ. ಯಾರಿಗೆ ಯಾವ ಮನೆ ಎಂಬುದು ಚೀಟಿ ಎತ್ತಿದ ಮೇಲೆ. ಎಲ್ಲರೂ ಚೊಲೋ ಐತಿ, ಚೊಲೋ ಐತಿ ಎಂದರು. ಹಾಳೆ ಕಂಡು ಹಾಗನ್ನುವುದು ವಾಡಿಕೆ.

ಸುಂದರವ್ವ ಮಾತ್ರ ಹಾಳೆಯನ್ನು ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ನೋಡಿ ಕೇಳಿದಳು: “ಮೇಡಮ್ಮಾರ, ಈ ಹಾಳ್ಯಾಗ ಬಿಸಲು ಎಲ್ಲಿಂದ ಬೀಳತೈತ್ರಿ? ಹೆಣಮಕ್ಕಳು ಎಲ್ಲಿ ಕುಂತಾರ?”

“ಅಂಗಳದಾಗ ಕುಂದರ್ತಾರಲ್ಲ?” ಎಂದಳು ಪ್ರಿಯಂವದಾ.

“ಕುಂದರ್ತಾರೋ ಇಲ್ಲೋ ನೋಡೂನಲ್ರಿ. ಗ್ವಾಡಿ ಎದ್ದ ಮ್ಯಾಲ ಏನ ನೋಡೂದೈತಿ, ಕಪಾಟ ಸರಸೂದ ಅಷ್ಟ. ಸುಣ್ಣದ ಗೆರಿ ಹಾಕಿ ಇಡೀ ಊರ ನೆಲದ ಮ್ಯಾಲ ಬರ್ಯೂನು. ಒಂದಿನಾ ಎಲ್ಲಾರೂ ಗೆರ್‍ಯಾಗ ಬಾಳೂನು. ಮುಂಜಾನಿಂದ ಸಂಜಿಮಟ.”

ಮಂದಿ ನಕ್ಕರು. ಶಟ್ಟೆಪ್ಪ ತಲೆ ಕೆಳಗೆ ಹಾಕಿದ. ಪ್ರಿಯಂವದಾ ನಗಲಿಲ್ಲ, ಡೈರಿ ತೆಗೆದು ಬರೆದುಕೊಂಡಳು.

ಹೋಳಿಹುಣ್ಣಿವೆ ಮುಗಿದ ಮೊದಲ ರವಿವಾರ ಹದಿನಾಲ್ಕೂ ಮನೆಯವರು ಬುತ್ತಿ, ನೀರಿನ ಕೊಡ, ಚಾಪೆ, ಕುರ್ಚಿ ಹೊತ್ತುಕೊಂಡು ಏರು ಹತ್ತಿ ಬಂದರು. ಶಟ್ಟೆಪ್ಪ ದಾರ ಹಿಡಿದು ನಸುಕಿನಲ್ಲೇ ಗೆರೆ ಹಾಕಿದ್ದ. ಪ್ರತಿ ಮನೆಯ ಮೂಲೆಗೆ ಸುಂದರವ್ವ ಹನ್ನೆರಡು ಫೂಟಿನ ಬಿದಿರು ಗಳ ನೆಟ್ಟಿದ್ದಳು. ಮಾಳಿಗೆ ಅಷ್ಟೆತ್ತರ ಬರುತ್ತದೆ, ಹಾಗಾದರೆ ನೆರಳು ಎಲ್ಲಿ ಬಿದ್ದೀತು ಅಂತ ನೋಡಲು. ಚೀಟಿ ಸಂಜೆಗೆ ಇತ್ತು. ಅಲ್ಲಿಯವರೆಗೆ ಕಾಲಿಗೆ ಸಿಕ್ಕ ಮನೆಯೊಳಗೆ ಕೂರಬೇಕು. ಮೊದಮೊದಲು ನಾಟಕದಂತೆ ನಗುತ್ತ ಕೂತವರು ಒಂದು ತಾಸಿಗೆ ಖರೇ ಮನೆಯಲ್ಲಿದ್ದಂತೆಯೇ ಆಡತೊಡಗಿದರು. ಒಬ್ಬಾಕೆ ಪಕ್ಕದವಳಿಗೆ, “ಗ್ವಾಡಿ ಮ್ಯಾಲ ಕಾಲಿಟ್ಟೀ, ತಗೀ!” ಎಂದು ಜಗಳ ತೆಗೆದಳು. ಸುಂದರವ್ವನಿಗೆ ಅದನ್ನು ನೋಡುವುದೇ ಹಬ್ಬ.

ತಲಬಾಗಿಲು ಎಲ್ಲಿ ಬೇಕೋ ಅಲ್ಲಿ ಕಲ್ಲಿಡಿ ಎಂದು ಹೇಳಿದ್ದರು. ಹದಿನಾಲ್ಕೂ ಮನೆಯವರು ಯೋಚನೆ ಕೂಡ ಮಾಡದೆ ಪೂರ್ವಕ್ಕೆ ಇಟ್ಟರು. ಪೂರ್ವದ ಬಾಗಿಲು ಶುಭ, ಕೇಳುವುದೇನಿದೆ? ಪಡುವಣ ಸಾಲಿಗೆ ಇದರಿಂದ ತೊಂದರೆಯಿಲ್ಲ, ಅವರ ಪೂರ್ವಕ್ಕೆ ಅಂಗಳವೇ ಇದೆ. ಮೂಡಣ ಸಾಲಿನ ಏಳು ಮನೆ ಮಾತ್ರ ಅಂಗಳಕ್ಕೆ ಬೆನ್ನು ಹಾಕಿ ಕೂತವು. ಬೆನ್ನಿಗೆ ಹಿತ್ತಲ ಬಾಗಿಲು, ಬಚ್ಚಲು, ತಿಪ್ಪೆ. ಹತ್ತು ಗಂಟೆಯ ಹೊತ್ತಿಗೆ ಸುಂದರವ್ವ ನಡುವೆ ನಿಂತು ಸುತ್ತ ನೋಡಿ ಗಾಬರಿಯಾದಳು. ಎಲ್ಲರಿಗೂ ಸೇರಿದ ಅಂಗಳ ಏಳು ಮನೆಯ ಬಚ್ಚಲ ನೀರು ಹರಿಯುವ ಜಾಗವಾಗಿತ್ತು!

ಪ್ರಿಯಂವದಾ ಕೂಡ ಹಣೆಗೆ ಕೈ ಹಚ್ಚಿದಳು. ಆ ಏಳು ಮನೆಗಳ ಬಾಗಿಲನ್ನು ಪಶ್ಚಿಮಕ್ಕೆ ತಿರುಗಿಸೋಣ ಎಂದದ್ದೇ ತಡ, ಗದ್ದಲ ಎದ್ದಿತು.

“ಪಶ್ಚಿಮಕ್ಕ ತಲಬಾಗಿಲಾ? ಸಾಧ್ಯ ಇಲ್ಲ ಬಿಡ್ರಿ,” ಎಂದ ನೀಲಕಂಠ. ಅವನು ಯರಗಟ್ಟಿಯಲ್ಲಿ ಪಂಪ್‌ಸೆಟ್ಟಿನ ಮೋಟರು ವೈಂಡಿಂಗ್ ಮಾಡುವವನು. ಅಜ್ಜನ ಕಾಲಕ್ಕೇ ಪೌರೋಹಿತ್ಯ ಬಿಟ್ಟ ಮನೆತನ, ಆದರೂ ಮಂದಿ ಮುಹೂರ್ತ ಕೇಳಲು ಅವನ ಹತ್ತಿರವೇ ಹೋಗುತ್ತಾರೆ. ಆಚಾರ್ರು ಎಂದೇ ಕರೆಯುತ್ತಾರೆ. ಅವನ ಮಾತಿಗೆ ಎಲ್ಲ ತಲೆ ಆಡಿದವು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಒಂದು ತಾಸು ಎಳೆದಾಟ ನಡೆಯಿತು.

ಆಗ ಒಕ್ಕಲುತನದ ಶಂಕ್ರೆಪ್ಪ ಎದ್ದು ನಿಂತ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವನು. “ಒಂದ ಉಪಾಯ ಐತಿ. ಶಟ್ಟೆಪ್ಪನ ಬಳಗದ ಮೂರೂ ಮನಿಯವರು ಬುದ್ಧನ ಮಂದಿ. ಅವರಿಗೆ ವಾಸ್ತು ಗೀಸ್ತು ಕಾಟ ಇಲ್ಲ. ಅವರು ಮೂರ ಮನಿ ಮೂಡಲ ಕಡಿ ಆಗಲಿ, ಪಶ್ಚಿಮಕ್ಕ ಬಾಗಲಾ ಇಟ್ಟಗೊಳ್ಳಲಿ. ನಾವು ಹನ್ನೊಂದ ಮನಿ ಈ ಸಾಲಿನ್ಯಾಗ ಸಂದಿಗೊಂದಿ ಹೊಂದಿಸಿಗೋತೇವಿ. ಅಂಗಳಾನೂ ಉಳಿತೈತಿ, ಶಾಸ್ತ್ರಾನೂ ಉಳಿತೈತಿ.”

ಎಷ್ಟು ಸವಿಯಾಗಿತ್ತು ಮಾತು! ಕೆಲವರು ಹೌದಲ್ಲ ಎಂದರು. ಸುಂದರವ್ವ ಮಾತ್ರ ಬೆರಳು ಮಡಚಿ ಎಣಿಸಿದಳು. ಈ ಕಡೆ ಹನ್ನೊಂದು, ಆ ಕಡೆ ಮೂರು. ಹೊಳೆ ಕೊಚ್ಚಿಕೊಂಡು ಹೋದ ಕೇರಿಯನ್ನು ಈ ಸುಣ್ಣದ ಗೆರೆ ಮತ್ತೆ ತಂದು ಕೂರಿಸುತ್ತಿತ್ತು.

ಶಟ್ಟೆಪ್ಪ ಅವಳ ಸೆರಗು ಜಗ್ಗಿ ಮೆಲ್ಲಗೆ ಹೇಳಿದ: “ಹೂಂ ಅನ್ನ. ಮನಿ ಸಿಕ್ಕರ ಸಾಕಾಗೇತಿ. ಆರು ವರ್ಷ ತಗಡಿನ್ಯಾಗ ಬೆಂದೇವಿ.”

ಅವನ ದಣಿವು ಅವಳಿಗೆ ಗೊತ್ತಿಲ್ಲದ್ದಲ್ಲ. ಹೂಂ ಅಂದರೆ ನಾಳೆಯೇ ಬುನಾದಿ ಅಗೆಯಬಹುದು. ಒಲ್ಲೆ ಅಂದರೆ ಈ ಮಂದಿ ಚದುರಿ, ತಮ್ಮ ತಮ್ಮ ತುಂಡು ಭೂಮಿಗೆ ಬೇಲಿ ಹಾಕಿಕೊಂಡು ಹೋದಾರು. ಅಂಗಳ, ಹೊಂಡ, ತೋಟ ಎಲ್ಲ ಹಾಳೆಯಲ್ಲೇ ಉಳಿದೀತು. ಆದರೂ ಎದ್ದು ನಿಂತಳು.

“ಶಂಕ್ರೆಪ್ಪಣ್ಣಾ, ಪಶ್ಚಿಮದ ಬಾಗಲಾ ನನಗ ಬ್ಯಾಡ ಅನ್ನೂದಿಲ್ಲ. ಚೀಟ್ಯಾಗ ಬಂದ್ರ ತಲಿ ಮ್ಯಾಲ ಹೊತ್ತಗೋತೇನಿ. ಮೂರ ಮನಿ ಕೂಡಿಸಿ ಒಂದ ಮೂಲಿಗೆ ಹಾಕೂದಾದ್ರ ಮಾತ್ರ ಒಲ್ಲೆ. ತಗಡಿನ್ಯಾಗ ಸತ್ತೇನು, ಬರೂದಿಲ್ಲ. ಮೂರ ತಾಸ ನನಗ ಕೊಡ್ರಿ, ನೋಡಿ ಹೇಳತೇನಿ.”

“ಏನ ನೋಡಾಕಿ?” ಎಂದ ಶಂಕ್ರೆಪ್ಪ.

“ನನಗೂ ಗೊತ್ತಿಲ್ಲ. ನೋಡಿದ ಮ್ಯಾಲ ತಿಳಿತೈತಿ.”

ಸುಮ್ಮನೆ ಹೇಳಿದ್ದಲ್ಲ, ಅವಳಿಗೆ ಖರೇ ಗೊತ್ತಿರಲಿಲ್ಲ. ಬುತ್ತಿ ಕೂಡ ಬಿಚ್ಚದೆ, ಬಿಸಿಲಲ್ಲಿ ಸೆರಗು ಹೊದ್ದು, ಮೂಡಣ ಸಾಲಿನ ಏಳು ಮನೆಗಳ ಸುತ್ತ ತಿರುಗಿದಳು. ಮಡಿಲಲ್ಲಿ ಜೋಳ, ಹರಳುಕಲ್ಲು ಎರಡನ್ನೂ ಹಾಕಿಕೊಂಡಿದ್ದಳು. ಯಾರಾದರೂ ತಲಬಾಗಿಲಿನ ಕಲ್ಲು ದಾಟಿದರೆ ಎಡಗೈಗೆ ಒಂದು ಹರಳು, ಹಿತ್ತಲ ಬಾಗಿಲು ದಾಟಿದರೆ ಬಲಗೈಗೆ ಒಂದು ಜೋಳ. ಪ್ರಿಯಂವದಾ ಕೊಡೆ ಹಿಡಿದು ಅವಳ ಹಿಂದೆಯೇ ತಿರುಗಿದಳು, ಏನೆಂದು ಕೇಳಲಿಲ್ಲ. ಮಂದಿ ಉಂಡರು, ಅಡ್ಡಾದರು, ಎದ್ದರು, ಹರಟಿದರು. ಎರಡು ಗಂಟೆಗೆ ಸುಂದರವ್ವ ಅಂಗೈ ಬಿಚ್ಚಿ ನೋಡಿದಾಗ ಎಡಗೈಯಲ್ಲಿ ಹನ್ನೊಂದು ಹರಳು. ಬಲಗೈಯ ಜೋಳ ಹಿಡಿಯಲ್ಲಿ ಹಿಡಿಸದೆ ಸೆರಗಿನ ಗಂಟಾಗಿತ್ತು.

ಅವಳಿಗೆ ನಗು ಬಂತು. ಮೂವತ್ತೈದು ವರ್ಷ ತಲಬಾಗಿಲಿಗೆ ಸಾಗವಾನಿ, ಕೆತ್ತನೆ, ಹಿತ್ತಾಳೆಯ ಹೂವು ಕೂಡಿಸಿದ್ದೇ ಕೂಡಿಸಿದ್ದು. ಬಾಳುವೆಯೆಲ್ಲ ನಡೆದದ್ದು ಬಾಗಿ ಹೊರಬರಬೇಕಾದ ಹಿತ್ತಲ ಬಾಗಿಲಲ್ಲಿ!

ಎಲ್ಲರೂ ಕೂಡಿದ ಮೇಲೆ ಅವಳು ನೇರ ನೀಲಕಂಠನನ್ನೇ ಕೇಳಿದಳು: “ಆಚಾರ್ರ, ನಿಮ್ಮ ಹಳೀ ಮನಿ ತಲಬಾಗಲಾ ಯಾ ಕಡೆ ಇತ್ರಿ?”

“ಪೂರ್ವಕ್ಕ. ಮತ್ತೆಲ್ಲಿ ಇರ್ತದ?”

“ಹೊಳಿ ಬಂದ ದಿನಾ ಯಾ ಬಾಗಲದಿಂದ ಹೊರಗ ಬಂದ್ರಿ?”

ಉತ್ತರ ಕೊಟ್ಟವಳು ನೀಲಕಂಠನ ತಾಯಿ, ಎಂಬತ್ತೆರಡು ವರ್ಷದ ಕಮಲಾಬಾಯಿ. ಅಂಗಳದ ಮೂಡಣ ಮಗ್ಗುಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಮುಂಜಾನೆಯಿಂದ ಅಲ್ಲೇ ಕೂತಿದ್ದಳು. “ಹಿತ್ತಲ ಬಾಗಿಲದಿಂದ. ತಲಬಾಗಿಲಾ ಹೊಳಿಗೆ ಬಿಟ್ಟುಕೊಟ್ವಿ. ಆ ಹಿತ್ತಲ ಬಾಗಿಲಾ ಇಲ್ಲದಿದ್ರ ನನ್ನ ತಿಥಿ ಮಾಡ್ತಿದ್ದ ಇವಾ. ಎಲ್ಲಾ ಶಾಸ್ತ್ರ ಮುಂದಿನ ಬಾಗಿಲಿಗೆ ಅದ, ಎಲ್ಲಾ ಜೀವನ ಹಿಂದಿನ ಬಾಗಿಲಿಗೆ ಅದ.”

ಸುಂದರವ್ವ ಸೆರಗಿನ ಗಂಟು ಬಿಚ್ಚಿ ಜೋಳವನ್ನು ಚಾಪೆಯ ಮೇಲೆ ಸುರಿದಳು, ಪಕ್ಕದಲ್ಲಿ ಹನ್ನೊಂದು ಹರಳಿಟ್ಟಳು. ತಲಬಾಗಿಲು ಪೂರ್ವಕ್ಕೇ ಇರಲಿ, ಪೂಜೆ ಅಲ್ಲೇ ಆಗಲಿ ಎಂದಳು. ಹಿತ್ತಲ ಬಾಗಿಲನ್ನೂ ಅಷ್ಟೇ ಎತ್ತರಕ್ಕೆ, ಅಷ್ಟೇ ಅಗಲಕ್ಕೆ ಮಾಡಿ ಅದರ ಮುಂದೆ ಕಟ್ಟೆ ಕಟ್ಟಿದರೆ ಅಂಗಳಕ್ಕೆ ಎರಡು ಕಡೆಯಿಂದಲೂ ಮುಖವಾಯಿತು. ಬಚ್ಚಲನ್ನು ಮಗ್ಗುಲ ಗೋಡೆಗೆ ಸರಿಸಿದರೆ ನೀರು ಇಳಿಜಾರಿನಲ್ಲಿ ತಾನಾಗಿಯೇ ಬಾಳೆಗೆ ಹೋಗುತ್ತದೆ. ಪ್ರಿಯಂವದಾ ಅಲ್ಲೇ ನೆಲದ ಮೇಲೆ ಕೂತು ಪೆನ್ಸಿಲಿನಲ್ಲಿ ಗೀಚಿ ನೋಡಿ, “ಆಗ್ತದ! ಇದು ನನಗ್ಯಾಕ ಹೊಳೀಲಿಲ್ಲ?” ಎಂದಳು. ಹೆಂಗಸರೆಲ್ಲ ಹೋ ಎಂದರು. ನೀಲಕಂಠನೂ ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿಯಿಲ್ಲ ಎಂದುಬಿಟ್ಟ.

ಹೀಗೆ ಅಂಗಳ ಉಳಿಯಿತು. ಆದರೆ ಚೀಟಿ ಬಾಕಿ ಇತ್ತು. ಸೂರ್ಯ ಮುಳುಗುವವರೆಗೆ ಇಬ್ಬರೂ ಒಪ್ಪಿದರೆ ಮನೆ ಅದಲಾಬದಲಿ ಮಾಡಿಕೊಳ್ಳಬಹುದೆಂದು ಮೊದಲೇ ಕರಾರಾಗಿತ್ತು. ನಾಲ್ಕೂವರೆಗೆ ತಂಬಿಗೆಯಲ್ಲಿ ಚೀಟಿ ಕಲಸಿದರು. ಸುಂದರವ್ವನಿಗೆ ಬಂದದ್ದು ಪಡುವಣ ಸಾಲಿನ ನಟ್ಟನಡುವಿನ ಮನೆ. ಪೂರ್ವದ ಬಾಗಿಲು, ಎದುರಿಗೆ ಅಂಗಳ! ಇನ್ನೆರಡು ಬೌದ್ಧ ಮನೆಗಳು ಬೇರೆ ಬೇರೆ ಕಡೆ ಬಿದ್ದವು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

ಮುಂದಿನ ಚೀಟಿ ನೀಲಕಂಠನದು. ಮೂಡಣ ಸಾಲು, ನಟ್ಟನಡುವಿನ ಮನೆ. ಬಾಗಿಲಿಗೆ ಬಾಗಿಲು, ಸುಂದರವ್ವನ ಎದುರಾಎದುರು.

ದಿನಾ ಮುಂಜಾನೆ ಕಮಲಾಬಾಯಿ ಹಿತ್ತಲ ಬಾಗಿಲು ತೆರೆದ ಕೂಡಲೇ ಕಾಣುವ ಮೊದಲ ಮುಖ ಯಾರದು ಎಂಬುದನ್ನು ಬಿಡಿಸಿ ಹೇಳುವ ಜರೂರಿರಲಿಲ್ಲ. ಎದ್ದು ಯಾರ ಮುಖ ನೋಡಿದೆನೋ ಎಂದು ಹಣೆ ಬಡಿದುಕೊಳ್ಳುವ ಮಂದಿ ನಾವು. ಶಂಕ್ರೆಪ್ಪ ನೀಲಕಂಠನ ಕಿವಿಯ ಹತ್ತಿರ ಬಾಗಿದ. ಆದರೂ ಎಲ್ಲರಿಗೂ ಕೇಳಿಸಿತು. “ಆಚಾರ್ರ, ನಂದು ತುದೀ ಮನಿ ಐತಿ. ಬೇಕಂದ್ರ ಬದಲ ಮಾಡ್ಕೊಳ್ರಿ, ನಂದೇನ ತಕರಾರಿಲ್ಲ.”

ನೀಲಕಂಠ ತಾಯಿಯ ಕುರ್ಚಿಯ ಹತ್ತಿರ ಹೋಗಿ ಬಾಗಿ ಬಹಳ ಹೊತ್ತು ಮಾತಾಡಿದ. ಸುಂದರವ್ವ ತನ್ನ ಸುಣ್ಣದ ಮನೆಯ ಮುಂದೆ ಗಳ ಹಿಡಿದು ನಿಂತಳು. ಅವಳು ಹೊಸ್ತಿಲ ಹೊರಗೆ ನಿಂತು ಕಾದದ್ದು ಇದೇ ಮೊದಲಲ್ಲ, ಆದರೆ ಇಷ್ಟು ಆಸೆ ಇಟ್ಟುಕೊಂಡು ಯಾವತ್ತೂ ಕಾದಿರಲಿಲ್ಲ. ಬದಲು ಮಾಡಿಕೊಂಡರೆ ಮಾಡಿಕೊಳ್ಳಲಿ, ಅಳಬಾರದು ಎಂದು ಹಲ್ಲು ಕಚ್ಚಿದಳು. ಶಟ್ಟೆಪ್ಪ ಬಂದು ಪಕ್ಕದಲ್ಲಿ ನಿಂತ.

ಅಂಗಳ ದಾಟಿ ನೀಲಕಂಠ ಬಂದ. ಅಷ್ಟು ಮಂದಿ ನೋಡುತ್ತಿದ್ದುದರಿಂದ ಅವನಿಗೂ ಮುಜುಗರವಾಗಿತ್ತು.

“ಸುಂದರವ್ವಾ, ಒಂದು ಮಾತು ಕೇಳೂದದ.”

“ಬದಲ ಮಾಡೂದಾದ್ರ ಮಾಡ್ರಿ ಆಚಾರ್ರ. ನನ್ನ ಕೇಳೂದೇನೈತಿ.”

“ಅದಲ್ಲ. ಅವ್ವನ ಕಣ್ಣ ಆಪರೇಷನ್ ಆಗೇದ. ಅಕಿ ಕಟ್ಟಿ ಮ್ಯಾಲ ಕುಂತ್ರ ಸಂಜಿ ಬಿಸಿಲು ಸೀದಾ ಕಣ್ಣಿಗೇ ಬರತದ. ಅದಕ್ಕ…” ಅವನು ಅವಳ ಕೈಯ ಗಳದ ತುದಿ ನೋಡಿದ. “ನಿಮ್ಮ ಮನಿ ನೆರಳು ನಮ್ಮ ಕಟ್ಟಿಗೆ ಎಷ್ಟೊತ್ತಿಗೆ ಮುಟ್ಟತದ?”

ಸುಂದರವ್ವನ ಅಜ್ಜಿ ಸಣ್ಣಾಕಿ ಇದ್ದಾಗ, ಸಂಜೆ ಹೊತ್ತು ಮೇಲಿನ ಓಣಿಯವರು ಎದುರಾದರೆ ದಾರಿ ಬಿಟ್ಟು ಕುಕ್ಕರಗಾಲಲ್ಲಿ ಕೂತುಬಿಡಬೇಕಿತ್ತಂತೆ. ಸಂಜೆಯ ನೆರಳು ಉದ್ದ. ನಿಂತರೆ ಅವರ ಮೇಲೆ ಬಿದ್ದೀತು ಅಂತ. ಈ ಮನುಷ್ಯ ಇಷ್ಟು ಮಂದಿಯ ಎದುರಿಗೆ ತನ್ನ ಮನೆಯ ನೆರಳು ಕೇಳುತ್ತಿದ್ದಾನೆ!

“ಐದ ಗಂಟೇಕ ಮುಟ್ಟತೈತ್ರಿ,” ಎಂದಳು ಸುಂದರವ್ವ.

“ಒಂದು ಗಳಿಗಿ ಲಗೂ ಮುಟ್ಟೂಹಂಗ ಮಾಡ್ಲಿಕ್ಕೆ ಬರೂದಿಲ್ಲೇನು?”

ಕೆಲಸದ ಮಾತು ಬಂದಿತಲ್ಲ, ಸುಂದರವ್ವನ ತಲೆ ಓಡಿತು. “ಮಾಳಗಿ ಅಂಚಿನ ಕುಂಬಿ ಗ್ವಾಡಿ ಮೂರ ಫೂಟ ಏರಿಸಿದ್ರ ಬರತೈತಿ. ನಿಂದ್ರಿ, ನೋಡೇಬಿಡೂನು.”

ಅವಳೂ ಶಟ್ಟೆಪ್ಪನೂ ಗಳವನ್ನು ಕಿತ್ತು, ನೆಟ್ಟಗೆ ಹಿಡಿದು ಮೇಲಕ್ಕೆ ಎತ್ತಿದರು. ಗಳದ ನೆರಳು ಅಂಗಳದುದ್ದಕ್ಕೂ ಹರಿದು ಹೋಗಿ ಎದುರು ಮಗ್ಗುಲಲ್ಲಿ ಕೂತಿದ್ದ ಕಮಲಾಬಾಯಿಯ ಪಾದದ ಮೇಲೆ ಬಿತ್ತು. ಹದಿನಾಲ್ಕು ಮನೆಯ ಮಂದಿ ಆ ಪಾದಗಳನ್ನೇ ನೋಡಿದರು. ಮುದುಕಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಸುಂದ್ರವ್ವಾ,” ಎಂದು ಅಲ್ಲಿಂದಲೇ ಕೂಗಿದಳು, “ಇಷ್ಟು ಸಾಲೂದಿಲ್ಲ. ಬಿಸಿಲು ಇನ್ನೂ ಕಣ್ಣಾಗ ಅದ. ಮ್ಯಾಲೆತ್ತು!”

ಸುಂದರವ್ವ ಬಾಗಿಲಿಗಿಟ್ಟ ಕಲ್ಲು ಹತ್ತಿ ನಿಂತು, ಎರಡೂ ಕೈಯಿಂದ ಗಳವನ್ನು ತಲೆಯ ಮೇಲಕ್ಕೆ ಎತ್ತಿದಳು. ಕಣ್ಣಲ್ಲಿ ನೀರಿದ್ದರಿಂದ ನೆರಳು ಎಲ್ಲಿ ಹೋಯಿತೆಂದು ಅವಳಿಗೇ ಸರಿಯಾಗಿ ಕಾಣಲಿಲ್ಲ. ಅದು ಮುದುಕಿಯ ನೆರಿಗೆ ಹತ್ತಿ, ಮಡಿಲು ಹತ್ತಿ, ಮುಖದ ಮೇಲೆ ಬಂದು ನಿಂತಿತು.

“ಹಾಂ,” ಎಂದಳು ಕಮಲಾಬಾಯಿ, ಕಣ್ಣಿಗೆ ಅಡ್ಡ ಹಿಡಿದಿದ್ದ ಕೈ ಇಳಿಸಿ. “ಇಲ್ಲೇ ಇರಲಿ.”